ಸಂಘದ ಲೆಕ್ಕಕ್ಕೆ ಬ್ಯಾಕಪ್: ಎಷ್ಟು ಪ್ರತಿ, ಎಲ್ಲಿ, ಯಾವಾಗ?

ಸದಸ್ಯರು ತಂದ ಅಡಿಕೆ ಮೂಟೆ ತಕ್ಕಡಿಯಿಂದ ಇಳಿದು ಗೋದಾಮು ಸೇರಿದ ಮೇಲೆ ಆ ಮೂಟೆ ಯಾರದೆಂದು ಹೇಳಬಲ್ಲದ್ದು ಲೆಕ್ಕ ಒಂದೇ. ಕಾಫಿಯ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಹತ್ತು ತೋಟಗಳ ಕಾಫಿ ಒಂದೇ ರಾಶಿಯಲ್ಲಿ ಬೆರೆತ ಮೇಲೆ ಬೀಜವನ್ನು ನೋಡಿ ಬೆಳೆದವರ ಹೆಸರು ಹೇಳಲು ಯಾರಿಂದಲೂ ಆಗದು. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಳ್ಳುವ ತನಕ ಬೆಳೆಗಾರರು ಕಾಫಿಯನ್ನು ಒಪ್ಪಿಸಿ, ಹಣಕ್ಕಾಗಿ ಕಂತು ಕಂತಾಗಿ ಕಾಯುತ್ತಿದ್ದುದನ್ನು ಹಿರಿಯ ಸದಸ್ಯರು ಮರೆತಿರಲಾರರು. ಅಷ್ಟು ದಿನ ಕಾಯುವುದಕ್ಕೆ ಅವರಿಗಿದ್ದ ಆಧಾರವೆಂದರೆ ಕೈಯಲ್ಲಿದ್ದ ರಸೀದಿ ಮತ್ತು ಪುಸ್ತಕದಲ್ಲಿದ್ದ ಒಂದು ಸಾಲು.

ಆ ಸಾಲು ಈಗ ಪುಸ್ತಕದಿಂದ ಕಂಪ್ಯೂಟರಿಗೆ ಬಂದಿದೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಮಾರಾಟ ಸಂಘಗಳು, ಕ್ಯೂರಿಂಗ್ ವರ್ಕ್ಸ್‌ಗಳು, ದೊಡ್ಡ ತೋಟಗಳು ಅದಕ್ಕೂ ಮುಂಚೆಯೇ ಈ ದಾರಿ ಹಿಡಿದಿದ್ದವು. ಷೇರು, ಠೇವಣಿ, ಬೆಳೆ ಸಾಲ, ಅಡವಿಟ್ಟ ಅಡಿಕೆ, ಕಾಫಿಯ ಔಟ್‌ಟರ್ನ್, ಗೊಬ್ಬರದ ಬಾಕಿ, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಕೋಷ್ಟಕಗಳಾಗಿ ಒಂದೆಡೆ ಕುಳಿತಿವೆ. ಇದಕ್ಕೆ ಡಾಟಾಬೇಸ್ ಎನ್ನುತ್ತಾರೆ. ಲೆಕ್ಕದ ಕಣಜವೆಂದರೂ ಸಲ್ಲುತ್ತದೆ.

ಇದರಿಂದ ಆಗಿರುವ ಅನುಕೂಲವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ನಾವೆಲ್ಲರೂ ಮನಗಾಣಬೇಕು. ಖಾತೆ ಪುಸ್ತಕಕ್ಕೆ ಗೆದ್ದಲು ಹತ್ತಿದರೆ ಹತ್ತು ಪುಟ ಹೋಗುತ್ತಿತ್ತು. ಉಳಿದ ತೊಂಬತ್ತು ಪುಟಗಳನ್ನು ಓದಬಹುದಾಗಿತ್ತು. ಕಂಪ್ಯೂಟರಿನ ಡಿಸ್ಕು ಕೆಟ್ಟರೆ ಒಂದೇ ಗಳಿಗೆಯಲ್ಲಿ ಇಡೀ ಬೀರು ಖಾಲಿಯಾಗಿಬಿಡುತ್ತದೆ. ಹೀಗಿರುವಾಗ ಲೆಕ್ಕದ ಇನ್ನೊಂದು ಪ್ರತಿಯನ್ನು, ಅಂದರೆ ಬ್ಯಾಕಪ್ಪನ್ನು, ಎಷ್ಟು ಹೊತ್ತಿಗೊಮ್ಮೆ ತೆಗೆಯಬೇಕು, ಎಲ್ಲಿಡಬೇಕು, ಅದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳು ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಸೇರಿದವಲ್ಲ. ಅವು ಪ್ರತಿ ಸದಸ್ಯರ ಹಣಕ್ಕೆ ಸೇರಿದ ಪ್ರಶ್ನೆಗಳು.

ಲೆಕ್ಕ ಕೆಡುವ ಮೂರು ದಾರಿಗಳು

ಮೊದಲನೆಯ ದಾರಿ ಯಂತ್ರದ್ದು. ಡಿಸ್ಕು ಸವೆದು ಒಂದು ದಿನ ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ವಿದ್ಯುತ್ ತಂತಿಯ ಮೂಲಕ ಒಳಬರುತ್ತದೆ. ಲೆಕ್ಕ ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಕಡತ ಅರ್ಧಂಬರ್ಧವಾಗುತ್ತದೆ.

ಎರಡನೆಯದು ಸ್ಥಳದ್ದು. ಬೆಂಕಿ, ನೆರೆ, ಗುಡ್ಡ ಕುಸಿತ, ಕಳ್ಳತನ ಇವು ಒಂದು ಯಂತ್ರವನ್ನಷ್ಟೇ ಅಲ್ಲ, ಆ ಕೋಣೆಯಲ್ಲಿರುವುದೆಲ್ಲವನ್ನೂ ಒಯ್ಯುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ, 2019ರ ಆಗಸ್ಟ್‌ನಲ್ಲಿ ಮಲೆನಾಡಿನ ಹಲವೆಡೆಯೂ ಮಳೆ ಏನು ಮಾಡಿತೆಂಬುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ.

ಮೂರನೆಯದು ಮನುಷ್ಯನ ಕೈಯದು. ಅರಿಯದೆ ಒತ್ತಿದ ಒಂದು ಗುಂಡಿಯಿಂದ ಇಡೀ ವರ್ಷದ ಲೆಕ್ಕ ಅಳಿಸಿಹೋಗಬಹುದು. ಅರಿತೇ ಕೆಡಿಸುವವರೂ ಇದ್ದಾರೆ. ರ‍್ಯಾನ್ಸಮ್‌ವೇರ್ ಎಂಬ ದುಷ್ಟ ತಂತ್ರಾಂಶವು ಕಡತಗಳಿಗೆಲ್ಲ ಬೀಗ ಜಡಿದು, ಕೀಲಿಕೈಗೆ ಹಣ ಕೇಳುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಇಂಥ ದಾಳಿಯಾಗಿ, ಸುಮಾರು ಎರಡು ವಾರ ಹೊರರೋಗಿಗಳ ನೋಂದಣಿಯೇ ಮೊದಲಾದ ಕೆಲಸಗಳು ಕೈಬರಹದಲ್ಲಿ ನಡೆದವು.

ಒಂದು ದಾರಿಗೆ ಹಾಕಿದ ಬೇಲಿ ಇನ್ನೊಂದಕ್ಕೆ ಆಗದು. ಸರ್ವರ್ ಪೆಟ್ಟಿಗೆಯೊಳಗೆ ಎರಡು ಡಿಸ್ಕುಗಳನ್ನು ಜೋಡಿಸಿ ಎರಡರಲ್ಲೂ ಒಮ್ಮೆಗೇ ಬರೆಸುವ 'ರೇಡ್' ಎಂಬ ಏರ್ಪಾಡು ಅನೇಕ ಕಚೇರಿಗಳಲ್ಲಿದೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ; ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ತಪ್ಪಾಗಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ಬೆಂಕಿಗೆ ಎರಡೂ ಸಮಾನ. ರೇಡ್ ಇದೆಯೆಂದು ಬ್ಯಾಕಪ್ ಬಿಡುವುದು ಸಲ್ಲದು.

ಪ್ರತಿಯನ್ನು ಎಲ್ಲಿಡಬೇಕು?

ಈ ವಿಷಯದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸುಲಭ ಸೂತ್ರವೊಂದಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ತಮ್ಮ ಚಿತ್ರಗಳ ರಕ್ಷಣೆಯ ಸಂಬಂಧದಲ್ಲಿ ಅದನ್ನು ಪ್ರಚುರಪಡಿಸಿದರು. ಮೂರು, ಎರಡು, ಒಂದು ಎಂಬುದೇ ಆ ಸೂತ್ರ. ಮೂಲವೂ ಸೇರಿ ಮೂರು ಪ್ರತಿ ಇರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿರಬೇಕು.

ಬೇರೆ ಸ್ಥಳವೆಂದರೆ ಬೇರೆ ಕೋಣೆಯಲ್ಲ. 2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರವೊಂದು ಸುಟ್ಟುಹೋಯಿತು. ಪಕ್ಕದ ಕಟ್ಟಡಕ್ಕೂ ಹಾನಿಯಾಯಿತು. ಪ್ರಾಣಹಾನಿಯಾಗಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇರಿಸಿಕೊಂಡಿದ್ದ ಗ್ರಾಹಕರಿಗೆ ಮೂಲವೂ ಪ್ರತಿಯೂ ಒಂದೇ ರಾತ್ರಿಯಲ್ಲಿ ಕೈಬಿಟ್ಟವು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ 'ಜಿ-ಡ್ರೈವ್' ಎಂಬ ಭಂಡಾರದ 858 ಟೆರಾಬೈಟ್ ಮಾಹಿತಿ ಹೋಯಿತು. ಹೊರಗೆಲ್ಲೂ ಅದರ ಪ್ರತಿ ಇರಲಿಲ್ಲ. ಗಾತ್ರ ತೀರ ದೊಡ್ಡದಾದ್ದರಿಂದ ಪ್ರತಿ ಇಡಲಾಗಲಿಲ್ಲವೆಂಬ ಕಾರಣ ಕೇಳಿಬಂತು. ನಮ್ಮಂಥ ಸಂಘದ ಹತ್ತು ವರ್ಷದ ಲೆಕ್ಕವಾದರೋ ಅಂಗೈಯಗಲದ ಡಿಸ್ಕಿನ ಒಂದು ಮೂಲೆಯಲ್ಲಿ ಕೂರುತ್ತದೆ. ಆ ನೆಪ ನಮಗಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಕಚೇರಿ ಇರುವ ಹೊಳೆಯ ದಂಡೆಯಲ್ಲೇ, ನಾಲ್ಕು ಮೈಲಿ ಕೆಳಗಿನ ಶಾಖೆಯಲ್ಲಿ ಪ್ರತಿ ಇಟ್ಟರೆ ಎರಡನ್ನೂ ಒಂದೇ ನೆರೆ ಮುಟ್ಟಬಹುದು. ದೂರವನ್ನು ಮೈಲಿಯಲ್ಲಿ ಅಳೆದರೆ ಸಾಲದು. ಒಂದೇ ಮಳೆ, ಒಂದೇ ಬೆಂಕಿ, ಒಂದೇ ಕಳ್ಳ ಎರಡನ್ನೂ ತಲುಪಲಾರದಂಥ ಜಾಗ ಬೇಕು. ಬೇರೆ ಊರಿನ ಬ್ಯಾಂಕಿನ ಲಾಕರು, ಎತ್ತರದಲ್ಲಿರುವ ಶಾಖೆಯ ಬೀರು ಇಂಥವು ಒಳ್ಳೆಯವು. ಮಳೆಗಾಲದಲ್ಲಿ ಡಿಸ್ಕುಗಳನ್ನು ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಪೆನ್‌ಡ್ರೈವ್ ಸಾಗಿಸಲು ಅನುಕೂಲ. ಆದರೆ ವರ್ಷಗಟ್ಟಲೆ ಕಾಪಿಡಲು ಅದನ್ನು ನಂಬಬಾರದು.

ತಂತಿ ಕಳಚಿದ ಪ್ರತಿ

ಪ್ರತಿಗಳಲ್ಲಿ ಒಂದು ಸದಾ ತಂತಿ ಕಳಚಿ ಇರಬೇಕೆಂಬುದು ಈಚಿನ ವರ್ಷಗಳು ಕಲಿಸಿದ ಪಾಠ. ಕಂಪ್ಯೂಟರಿಗೆ ಹಗಲಿರುಳೂ ಸಿಕ್ಕಿಸಿದ ಹೊರ ಡಿಸ್ಕಿಗೆ ರ‍್ಯಾನ್ಸಮ್‌ವೇರ್ ಕೂಡ ಸುಲಭವಾಗಿ ಕೈಹಾಕುತ್ತದೆ.

2017ರ ಜೂನ್ 27ರಂದು 'ನಾಟ್‌ಪೆಟ್ಯಾ' ಎಂಬ ದಾಳಿಗೆ ಸಿಕ್ಕ ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್‌ನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಯಾವ ನೌಕರನಿಗೆ, ಯಾವ ಯಂತ್ರಕ್ಕೆ ಜಾಲದ ಯಾವ ಬಾಗಿಲು ತೆರೆಯಬೇಕೆಂಬ ಪಟ್ಟಿಯನ್ನು ಆ ಸಂಸ್ಥೆಯು ಲೋಕದಾದ್ಯಂತ ಸುಮಾರು 150 ಸರ್ವರ್‌ಗಳಲ್ಲಿ ಇಟ್ಟಿತ್ತು. ಒಂದರಲ್ಲಿ ಬರೆದದ್ದು ಎಲ್ಲದರಲ್ಲೂ ಮೂಡುವಂತೆ ಏರ್ಪಾಡಿತ್ತು. ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ ಅವರದು. ದಾಳಿ ಬಂದಾಗ ಎಲ್ಲವೂ ಒಟ್ಟಿಗೆ ಅಳಿದವು. ಉಳಿದದ್ದು ಆಫ್ರಿಕದ ಘಾನಾ ದೇಶದ ಕಚೇರಿಯ ಒಂದೇ ಸರ್ವರ್. ಏಕೆಂದರೆ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅದರಲ್ಲಿದ್ದುದನ್ನು ಕೈಯಲ್ಲಿ ಹಿಡಿದು ವಿಮಾನದಲ್ಲಿ ಇಂಗ್ಲೆಂಡಿಗೆ ತಂದು, ಜಾಲವನ್ನು ಮತ್ತೆ ಕಟ್ಟಿದರು. ಕರೆಂಟ್ ಹೋದದ್ದಕ್ಕೆ ಸಂತೋಷಪಟ್ಟವರು ಬಹುಶಃ ಅವರೊಬ್ಬರೇ ಇರಬೇಕು. ಆದರೆ ವಿದ್ಯುತ್ ಕಡಿತ ಅಕಸ್ಮಾತ್ತಾಗಿ ಮಾಡಿದ್ದನ್ನು ನಾವು ಬೇಕೆಂದೇ ಮಾಡಬಹುದು. ಪ್ರತಿ ತೆಗೆದು ಮುಗಿದ ಕೂಡಲೇ ಡಿಸ್ಕನ್ನು ಕಳಚಿ ಬೀಗದೊಳಗೆ ಇಡುವುದು, ಇಷ್ಟೇ ಅದು.

ಇನ್ನು ಕ್ಲೌಡ್. ಹೆಸರು ಮೋಡವಾದರೂ ಅದು ಬೇರೆ ಊರಿನ, ಬೇರೆಯವರ ಕಂಪ್ಯೂಟರ್ ಅಷ್ಟೆ. ದೂರದ ಪ್ರತಿಗೆ ಅದು ಬಹಳ ಅನುಕೂಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿ ಅಳಿಸಿದರೆ ಅಲ್ಲೂ ತಾನಾಗಿ ಅಳಿಯುವ ಜೋಡಿ ಕಡತಕೋಶವನ್ನು ಬ್ಯಾಕಪ್ ಎಂದು ತಿಳಿಯಬಾರದು. ಹಳೆಯ ದಿನಾಂಕಗಳ ಪ್ರತಿಗಳನ್ನು ಬೇರೆ ಬೇರೆಯಾಗಿ ಉಳಿಸುವ ಸೌಲಭ್ಯ ಅದರಲ್ಲಿರಬೇಕು.

ದೂರದಲ್ಲಿಟ್ಟ ಪ್ರತಿಯಲ್ಲಿ ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸಾಲದ ವಿವರಗಳೆಲ್ಲ ಇರುತ್ತವೆ. ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ. ಆದುದರಿಂದ ಪ್ರತಿಯನ್ನು ಗುಪ್ತಸಂಕೇತದಲ್ಲಿ ಭದ್ರಪಡಿಸಿಯೇ ಹೊರಗೆ ಕಳಿಸಬೇಕು. ಅದರ ಗುಪ್ತಪದವನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಮೊಹರು ಹಾಕಿ, ಅಧ್ಯಕ್ಷರಲ್ಲೊಂದು ಕಾರ್ಯದರ್ಶಿಯವರಲ್ಲೊಂದು ಇರಿಸಬೇಕು. ಗುಪ್ತಪದ ಬಲ್ಲ ಏಕೈಕ ನೌಕರರು ನಿವೃತ್ತರಾದ ಮೇಲೆ ಪ್ರತಿ ಇದ್ದೂ ಇಲ್ಲದಂತಾಗಬಾರದು.

ಎಷ್ಟು ಹೊತ್ತಿಗೊಮ್ಮೆ?

ಈ ಪ್ರಶ್ನೆಗೆ ಉತ್ತರ ಕಂಪ್ಯೂಟರಿನಲ್ಲಿಲ್ಲ, ಕೆಲಸದಲ್ಲಿದೆ. ಎಷ್ಟು ಹೊತ್ತಿನ ಕೆಲಸವನ್ನು ಮತ್ತೆ ಮಾಡಲು ನಾವು ಸಿದ್ಧರಿದ್ದೇವೆ ಎಂದು ಕೇಳಿಕೊಳ್ಳಬೇಕು. ಉದಾಹರಣೆಗೆ ಸುಗ್ಗಿಯ ಕಾಲದಲ್ಲಿ ದಿನಕ್ಕೆ 150 ಬಿಲ್ಲು ಬರೆಯುವ ಸಂಘವೊಂದನ್ನು ತೆಗೆದುಕೊಳ್ಳೋಣ. ಕಳೆದುಹೋದ ಒಂದು ಬಿಲ್ಲನ್ನು ಅಡಿಪ್ರತಿ ನೋಡಿ ಮತ್ತೆ ಹತ್ತಿಸಲು 4 ನಿಮಿಷ ಹಿಡಿಯುತ್ತದೆಂದು ಇಟ್ಟುಕೊಂಡರೆ, ಒಂದು ದಿನದ ಲೆಕ್ಕಕ್ಕೆ 600 ನಿಮಿಷ, ಅಂದರೆ 10 ಗಂಟೆ. ವಾರಕ್ಕೊಮ್ಮೆ ಪ್ರತಿ ತೆಗೆಯುವ ರೂಢಿಯಿದ್ದು, ಆರನೆಯ ದಿನ ಡಿಸ್ಕು ಕೆಟ್ಟರೆ 900 ಬಿಲ್ಲು, 60 ಗಂಟೆ. ದಿನಕ್ಕೆ 8 ಗಂಟೆಯಂತೆ ಒಬ್ಬ ಗುಮಾಸ್ತರಿಗೆ ಏಳೂವರೆ ದಿನದ ಕೆಲಸ. ಅಷ್ಟು ದಿನವೂ ಹೊಸ ಮೂಟೆಗಳು ಬರುತ್ತಲೇ ಇರುತ್ತವೆ. ಅದೇ ಸಂಘ ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಪ್ರತಿ ತೆಗೆದರೆ ಹೆಚ್ಚೆಂದರೆ 75 ಬಿಲ್ಲು, 5 ಗಂಟೆಯ ನಷ್ಟ. ಮಳೆಗಾಲದಲ್ಲಿ ದಿನಕ್ಕೆ ಹತ್ತೇ ಬಿಲ್ಲು ಇರುವಾಗ ಸಂಜೆಯ ಒಂದು ಪ್ರತಿ ಸಾಕು.

ಅಡಿಪ್ರತಿ ಇದ್ದರೆ ಈ ಲೆಕ್ಕ. ಕಾಗದದಲ್ಲಿ ಎಲ್ಲೂ ಬರೆಯದೆ ನೇರವಾಗಿ ಕಂಪ್ಯೂಟರಿಗೆ ಹತ್ತಿಸಿದ್ದನ್ನು ಎಷ್ಟು ಗಂಟೆ ಕುಳಿತರೂ ಮತ್ತೆ ಬರೆಯಲಾಗದು.

ಆದ್ದರಿಂದ ವೇಳಾಪಟ್ಟಿಯು ಬೆಳೆಯ ಪಂಚಾಂಗವನ್ನು ಅನುಸರಿಸಿದರೆ ಚೆನ್ನ. ಅಡಿಕೆ ಕೊಯ್ಲು ಮತ್ತು ಅರೇಬಿಕಾ ಕೊಯ್ಲು ಕೂಡಿ ಬರುವ ನವೆಂಬರ್‌ನಿಂದ, ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ದಿನಕ್ಕೆ ಎರಡು ಸಲ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ರಂದು ವಿಶೇಷವಾಗಿ ಒಂದು ಪೂರ್ಣ ಪ್ರತಿ. ಉಳಿದ ಕಾಲದಲ್ಲಿ ದಿನಕ್ಕೊಮ್ಮೆ. ತಂತ್ರಾಂಶವನ್ನು ಬದಲಿಸುವ ಅಥವಾ ದುರಸ್ತಿಗೆ ಕೊಡುವ ಮುನ್ನ ಯಾವ ಕಾಲವಾದರೂ ಒಂದು ಪ್ರತಿ. ಕಂಪನಿಗಳ ಲೆಕ್ಕಪತ್ರಗಳ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾಗಿ, ಭಾರತದೊಳಗಿನ ಸರ್ವರ್‌ನಲ್ಲಿ ಇಡಬೇಕಾದ ಬ್ಯಾಕಪ್ಪನ್ನು ನಿತ್ಯವೂ ತೆಗೆಯಬೇಕೆಂದು ವಿಧಿಸಲಾಯಿತು. ಆ ನಿಯಮ ಕಂಪನಿಗಳಿಗೆ ಹೇಳಿದ್ದಾದರೂ ನಿತ್ಯ ಎಂಬ ಅಳತೆ ಸಂಘಗಳಿಗೂ ತಕ್ಕುದೇ.

ಪ್ರತಿ ಸಲವೂ ಎಲ್ಲವನ್ನೂ ನಕಲು ಮಾಡಬೇಕೆಂದಿಲ್ಲ. ಭಾನುವಾರ ಪೂರ್ಣ ಪ್ರತಿ ತೆಗೆದು, ಮಿಕ್ಕ ದಿನಗಳಲ್ಲಿ ಹಿಂದಿನ ಸಲದಿಂದ ಈಚೆಗೆ ಬದಲಾದುದನ್ನಷ್ಟೇ ತೆಗೆಯುವುದು ಒಂದು ಕ್ರಮ. ಇದಕ್ಕೆ ಇನ್‌ಕ್ರಿಮೆಂಟಲ್ ಎನ್ನುತ್ತಾರೆ. ಪ್ರತಿ ಚಿಕ್ಕದು, ಹೊತ್ತು ಕಡಿಮೆ. ಮಳೆಗಾಲದ ನಿಧಾನ ಇಂಟರ್ನೆಟ್ಟಿನಲ್ಲೂ ರಾತ್ರಿ ಕಳಿಸಬಹುದು. ಆದರೆ ಶುಕ್ರವಾರದ ಲೆಕ್ಕ ಬೇಕಾದರೆ ಭಾನುವಾರದಿಂದ ಶುಕ್ರವಾರದವರೆಗಿನ ಎಲ್ಲ ಕೊಂಡಿಗಳೂ ಬೇಕು. ನಡುವೆ ಬುಧವಾರದ್ದು ಕೆಟ್ಟರೆ ಮುಂದಿನದು ಸಿಗದು. ಭಾನುವಾರದಿಂದ ಈಚೆಗಿನ ಬದಲಾವಣೆಗಳನ್ನೆಲ್ಲ ಪ್ರತಿದಿನವೂ ತೆಗೆಯುವುದು ಇನ್ನೊಂದು ಕ್ರಮ, ಇದು ಡಿಫರೆನ್ಷಿಯಲ್. ದಿನದಿಂದ ದಿನಕ್ಕೆ ಗಾತ್ರ ಬೆಳೆದರೂ ಪೂರ್ಣ ಪ್ರತಿ ಒಂದು, ಕೊನೆಯ ದಿನದ್ದೊಂದು, ಎರಡಿದ್ದರೆ ಸಾಕು. ಲೆಕ್ಕ ಅಷ್ಟೇನೂ ದೊಡ್ಡದಲ್ಲದ ನಮ್ಮಂಥ ಸಂಘಗಳಿಗೆ ದಿನವೂ ಪೂರ್ಣ ಪ್ರತಿ ತೆಗೆಯುವುದೇ ಸರಳವೆಂದು ನಮ್ಮ ಅಭಿಪ್ರಾಯ. ಸರಳವಾದುದು ತಪ್ಪದೆ ನಡೆಯುತ್ತದೆ.

ಅಜ್ಜ, ಅಪ್ಪ, ಮಗ

ಹಳೆಯ ಪ್ರತಿಗಳನ್ನು ಎಷ್ಟು ದಿನ ಉಳಿಸಬೇಕು? ನಿನ್ನೆಯದರ ಮೇಲೆ ಇಂದಿನದನ್ನು ಬರೆಯುತ್ತ ಒಂದೇ ಡಿಸ್ಕಿನಲ್ಲಿ ಕಾಲ ಹಾಕುವುದು ಅಪಾಯಕರ. ಮೂರು ವಾರದ ಹಿಂದೆ ಕೆಟ್ಟ ಲೆಕ್ಕ ಇಂದು ಕಣ್ಣಿಗೆ ಬಿದ್ದರೆ, ಅಷ್ಟರಲ್ಲಿ ಕೆಟ್ಟದ್ದೇ ಪ್ರತಿಯೂ ಆಗಿರುತ್ತದೆ. ಲೆಕ್ಕಪರಿಶೋಧನೆಯಲ್ಲಿ ತಪ್ಪು ಹೊರಬೀಳುವುದು ತಿಂಗಳುಗಳ ಮೇಲೆ ಎಂಬುದನ್ನು ನೆನಪಿಡಬೇಕು.

ಇದಕ್ಕೆ ಮೂರು ತಲೆಮಾರಿನ ಪದ್ಧತಿಯಿದೆ. ಸೋಮವಾರದಿಂದ ಶನಿವಾರದವರೆಗಿನ ಆರು ದಿನದ ಪ್ರತಿಗಳು ಮಕ್ಕಳು; ಮುಂದಿನ ವಾರ ಅದೇ ವಾರದ ಹೆಸರಿನ ಪ್ರತಿ ಹಳೆಯದರ ಜಾಗಕ್ಕೆ ಬರುತ್ತದೆ. ವಾರದ ಕೊನೆಯ ನಾಲ್ಕು ಪ್ರತಿಗಳು ಅಪ್ಪಂದಿರು. ತಿಂಗಳ ಕೊನೆಯ ಹನ್ನೆರಡು ಪ್ರತಿಗಳು ಅಜ್ಜಂದಿರು. ಹೀಗೆ 22 ಪ್ರತಿಗಳಲ್ಲಿ ಒಂದು ವರ್ಷದ ಹಿಂದಕ್ಕೆ ಹೋಗಿ ನೋಡುವ ಸೌಕರ್ಯ ದೊರೆಯುತ್ತದೆ. ಮಾರ್ಚ್ 31ರ ಪ್ರತಿಯನ್ನಂತೂ ವರ್ಷ ವರ್ಷವೂ ತೆಗೆದಿಟ್ಟು, ಅಳಿಸದೆ ಕಾಪಾಡಬೇಕು.

ಪ್ರತಿ ತೆಗೆಯುವ ವಿಧಾನದಲ್ಲೂ ಒಂದು ಸೂಕ್ಷ್ಮವಿದೆ. ಕೌಂಟರಿನಲ್ಲಿ ಬಿಲ್ಲು ಬರೆಯುತ್ತಿರುವಾಗಲೇ ಡಾಟಾಬೇಸಿನ ಕಡತವನ್ನು ಸಾಮಾನ್ಯ ಚಿತ್ರದಂತೆ ನಕಲು ಮಾಡಿದರೆ, ಮೊದಲ ಅರ್ಧ ಹತ್ತು ಗಂಟೆಯದು, ಉಳಿದ ಅರ್ಧ ಹತ್ತೂಕಾಲರದು ಆಗಬಹುದು. ಸದಸ್ಯರ ಖಾತೆಗೆ ಜಮೆಯಾಗಿ, ನಗದು ಪುಸ್ತಕದಲ್ಲಿ ಖರ್ಚಾಗದ ಲೆಕ್ಕ ಬರುತ್ತದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಮುಂತಾದ ಡಾಟಾಬೇಸುಗಳಿಗೆ ಪ್ರತಿ ತೆಗೆಯುವ ಉಪಕರಣಗಳು ಅವುಗಳೊಡನೆಯೇ ಬರುತ್ತವೆ. ಟ್ಯಾಲಿಯಲ್ಲೂ ಬ್ಯಾಕಪ್ ಎಂಬ ಆಯ್ಕೆಯೇ ಇದೆ. ಅವುಗಳನ್ನೇ ಬಳಸಬೇಕು. ದಿನದ ಲೆಕ್ಕ ಮುಗಿಸಿ, ನಗದು ತಾಳೆ ನೋಡಿ, ಆಮೇಲೆ ಪ್ರತಿ ತೆಗೆಯುವುದು ಎಲ್ಲಕ್ಕಿಂತ ಉತ್ತಮ.

ಮರಳಿ ತಂದು ನೋಡಿದಿರಾ?

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿದರೆ ಮಾಡಿದ್ದೆಲ್ಲ ವ್ಯರ್ಥವಾಗಬಹುದು. ತೆಗೆದಿಟ್ಟ ಪ್ರತಿಯಿಂದ ಲೆಕ್ಕವನ್ನು ಮರಳಿ ತಂದು ನೋಡುವುದೇ ಆ ಕೆಲಸ.

ಪ್ರಪಂಚದ ನಾನಾ ಕಡೆಯ ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಕೂಡಿಡುವ 'ಗಿಟ್‌ಲ್ಯಾಬ್' ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದುದನ್ನು ನೋಡಿ. ರಾತ್ರಿಯ ಹೊತ್ತು ತೊಂದರೆಯೊಂದನ್ನು ಸರಿಪಡಿಸುತ್ತಿದ್ದ ಎಂಜಿನಿಯರೊಬ್ಬರು, ಉಪ ಸರ್ವರ್‌ನಲ್ಲಿ ಅಳಿಸಬೇಕಾದುದನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿಬಿಟ್ಟರು. ಕ್ಷಣಾರ್ಧದಲ್ಲಿ ಅರಿವಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಮಾತ್ರ. ಆಗ ಬ್ಯಾಕಪ್ಪಿಗಾಗಿ ಹುಡುಕಿದರು. ದಿನವೂ ತಾನಾಗಿ ನಡೆಯಬೇಕಿದ್ದ ಪ್ರತಿ ನಡೆಯುತ್ತಲೇ ಇರಲಿಲ್ಲ! ಡಾಟಾಬೇಸಿನ ಆವೃತ್ತಿ 9.6, ಪ್ರತಿ ತೆಗೆಯುವ ಉಪಕರಣದ ಆವೃತ್ತಿ 9.2, ಹೊಂದಾಣಿಕೆಯಾಗದೆ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸುತ್ತಿದ್ದ ಮಿಂಚಂಚೆಗಳೂ ತಲುಪದೆ ತಿರಸ್ಕೃತವಾಗುತ್ತಿದ್ದವು. ದೂರದ ಭಂಡಾರವನ್ನು ತೆರೆದರೆ ಅದು ಬರಿದು. ಐದು ಬಗೆಯ ಏರ್ಪಾಡುಗಳಿದ್ದೂ ಹೊತ್ತಿಗೆ ನಂಬಬಹುದಾದದ್ದು ಒಂದೂ ಇರಲಿಲ್ಲ. ಬೇರಾವುದೋ ಪರೀಕ್ಷೆಗೆಂದು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಗಳ ಕೆಲಸ ಹೋಯಿತು. ಇದನ್ನೆಲ್ಲ ಆ ಸಂಸ್ಥೆ ಮುಚ್ಚಿಡದೆ ಲೋಕದ ಮುಂದೆ ಬರೆದು ಪ್ರಕಟಿಸಿದ್ದರಿಂದಲೇ ಇಂದು ನಾವು ಕಲಿಯಲು ಸಾಧ್ಯವಾಗಿದೆ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪರದೆಯ ಮೇಲೆ 'ಯಶಸ್ವಿಯಾಗಿ ಮುಗಿಯಿತು' ಎಂದು ಮೂಡುವುದನ್ನು ಕಂಡೂ ಪರಾಂಬರಿಸಬೇಕು. ಮೂರು ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಿ, ದೂರದ ಪ್ರತಿಯನ್ನು ತರಿಸಿ, ಬೇರೊಂದು ಕಂಪ್ಯೂಟರಿನಲ್ಲಿ ತುಂಬಬೇಕು. ನಡೆಯುತ್ತಿರುವ ಲೆಕ್ಕದ ಮೇಲೆ ಎಂದೂ ತುಂಬಬಾರದು. ಆಮೇಲೆ ಹತ್ತು ಸದಸ್ಯರ ಖಾತೆಗಳನ್ನು ಆರಿಸಿ, ಅಡಿಪ್ರತಿಗಳೊಡನೆ ತಾಳೆ ನೋಡಬೇಕು. ಒಟ್ಟು ಠೇವಣಿ, ಒಟ್ಟು ಸಾಲ, ಗೋದಾಮಿನ ದಾಸ್ತಾನು ಆ ದಿನದ ತಃಖ್ತೆಗೆ ಸರಿಹೊಂದಬೇಕು. ಶುರುಮಾಡಿದ ಗಳಿಗೆಯಿಂದ ಮೊದಲ ಬಿಲ್ಲು ಬರೆಯುವಂತಾಗುವ ತನಕ ಎಷ್ಟು ಹೊತ್ತು ಹಿಡಿಯಿತೆಂದು ಗುರುತು ಹಾಕಬೇಕು. ನಿಜವಾದ ಆಪತ್ತು ಬಂದ ದಿನ ಕೌಂಟರಿನ ಮುಂದೆ ನಿಂತ ಸದಸ್ಯರಿಗೆ ಎಷ್ಟು ಹೊತ್ತು ಕಾಯಬೇಕೆಂದು ಹೇಳಲು ಬೇರೆ ದಾರಿಯಿಲ್ಲ.

ಹೊಣೆ ಯಾರದು?

ತಂತ್ರಾಂಶ ಕೊಟ್ಟವರು ನೋಡಿಕೊಳ್ಳುತ್ತಾರೆ, ಲೆಕ್ಕವೆಲ್ಲ ಅವರ ಕೇಂದ್ರದಲ್ಲೇ ಇದೆಯಲ್ಲ ಎಂದು ಕೆಲವರು ಹೇಳಬಹುದು. 2024ರ ಜುಲೈ 31ರಂದು, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯು ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕಿದ್ದರಿಂದ, ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತು, ಮರುದಿನ ಮತ್ತೆ ಶುರುವಾಯಿತು. ದೂರದ ಕೇಂದ್ರದ ತೊಂದರೆ ಹಳ್ಳಿಯ ಕೌಂಟರಿಗೆ ಎಷ್ಟು ಬೇಗ ಬರುತ್ತದೆಂಬುದಕ್ಕೆ ಇದು ಸಾಕ್ಷಿ. ಆದ್ದರಿಂದ ಸೇವಾ ಸಂಸ್ಥೆಯ ಕರಾರಿನಲ್ಲಿ ಪ್ರತಿಗಳು ಎಲ್ಲಿವೆ, ಎಷ್ಟು ಹೊತ್ತಿಗೊಮ್ಮೆ ತೆಗೆಯುತ್ತಾರೆ, ಮರಳಿ ತಂದು ನೋಡಿದ ಕೊನೆಯ ದಿನ ಯಾವುದು, ಕರಾರು ಮುಗಿದರೆ ನಮ್ಮ ಲೆಕ್ಕ ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ ಎಂಬ ನಾಲ್ಕು ವಿಷಯಗಳು ಬರಹದಲ್ಲಿರಬೇಕು. ದಿನದ ಕೊನೆಗೆ ಸದಸ್ಯರ ಬಾಕಿ ಪಟ್ಟಿಯೊಂದನ್ನು ಕಚೇರಿಯಲ್ಲೂ ಮುದ್ರಿಸಿಟ್ಟುಕೊಂಡರೆ ಒಂದೆರಡು ದಿನ ಕೈಬರಹದಲ್ಲಿ ವ್ಯವಹಾರ ನಡೆಸಬಹುದು.

ಸಂಘದೊಳಗೆ ಈ ಕೆಲಸಕ್ಕೆ ಒಬ್ಬರನ್ನಲ್ಲ, ಇಬ್ಬರನ್ನು ನೇಮಿಸಬೇಕು; ಒಬ್ಬರು ರಜೆಯಲ್ಲಿದ್ದ ದಿನವೂ ನಡೆಯಬೇಕಲ್ಲ. ಒಂದು ರಿಜಿಸ್ಟರ್ ಇಡಬೇಕು. ದಿನಾಂಕ, ವೇಳೆ, ಪ್ರತಿಯ ಗಾತ್ರ, ಇಟ್ಟ ಜಾಗ, ತೆಗೆದವರ ಸಹಿ, ಇಷ್ಟೇ ಅಂಕಣಗಳು ಸಾಕು. ನಿನ್ನೆಯವರೆಗೆ ಬೆಳೆಯುತ್ತಿದ್ದ ಗಾತ್ರ ಇಂದು ಹಠಾತ್ತನೆ ಕುಗ್ಗಿದ್ದರೆ ಏನೋ ತಪ್ಪಿದೆಯೆಂದು ಆ ರಿಜಿಸ್ಟರೇ ಹೇಳುತ್ತದೆ. ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಅದನ್ನು ಮುಂದಿಡಬೇಕು.

ಖರ್ಚಿನ ಮಾತು ಬಂದರೆ, ಒಂದು ಮೂಟೆ ರಾಶಿ ಅಡಿಕೆ ಮಾರಿದ ಹಣದಲ್ಲಿ ಎರಡು ಹೊರ ಡಿಸ್ಕುಗಳು ಬಂದು, ಚಿಲ್ಲರೆಯೂ ಮಿಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಹುಟ್ಟಿದ್ದು ನಮ್ಮಂಥವರ ನಡುವೆಯೇ. ಸದಸ್ಯರೊಬ್ಬರು ಬಂದು ತಮ್ಮ ಬಾಕಿ ಎಷ್ಟೆಂದು ಕೇಳಿದಾಗ ಸಂಘಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಆ ನಂಬಿಕೆಯನ್ನು ಯಾವ ವಿಮೆಯೂ ತುಂಬಿಕೊಡದು.

ಸದಸ್ಯ ಬಾಂಧವರ ಪಾಲಿನ ಕೆಲಸವೂ ಇದೆ. ತೂಕದ ಚೀಟಿ, ರಸೀದಿ, ಪಾಸ್ ಪುಸ್ತಕಗಳನ್ನು ಜೋಪಾನವಾಗಿಡಿ. ವರ್ಷಕ್ಕೊಮ್ಮೆಯಾದರೂ ಸಂಘದ ಲೆಕ್ಕದೊಡನೆ ತಾಳೆ ನೋಡಿ. ಎಲ್ಲ ಯಂತ್ರಗಳೂ ಕೈಕೊಟ್ಟ ದಿನ ನಿಮ್ಮ ಪೆಟ್ಟಿಗೆಯಲ್ಲಿರುವ ಚೀಟಿಯೂ ಒಂದು ಬ್ಯಾಕಪ್ಪೇ. ಮುಂದಿನ ಮಹಾಸಭೆಯಲ್ಲಿ ಲಾಭಾಂಶದ ಪ್ರಶ್ನೆಯೊಡನೆ ಮೂರು ಪ್ರಶ್ನೆಗಳನ್ನೂ ಕೇಳಿ: ನಮ್ಮ ಲೆಕ್ಕದ ಪ್ರತಿ ಈ ಕಟ್ಟಡದ ಹೊರಗೆ ಎಲ್ಲಿದೆ? ಕೊನೆಯ ಪ್ರತಿ ತೆಗೆದದ್ದು ಯಾವಾಗ? ಅದನ್ನು ಮರಳಿ ತಂದು ನೋಡಿದ್ದು ಯಾವಾಗ? ಮೂರಕ್ಕೂ ದಿನಾಂಕ ಸಹಿತ ಉತ್ತರ ಬಂದರೆ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಮೂರನೆಯದಕ್ಕೆ ಉತ್ತರ ಬಾರದಿದ್ದರೆ ಮೊದಲಿನ ಎರಡು ಉತ್ತರಗಳನ್ನು ಇನ್ನೂ ನಂಬಬೇಡಿ.